ನಡುವಿನ ಮೇಜಿನ ನಂಬಿಕೆ: ರಸಪ್ರಶ್ನೆಯ ಆಸನಗಳನ್ನು ನಾನು ಲೆಕ್ಕ ಹಾಕಿ ನೋಡಿದ ಬಗೆ

ಕಿರುತೆರೆಯ ಶಾಲಾ ರಸಪ್ರಶ್ನೆ ಸ್ಪರ್ಧೆಗಳಿಗೆ ನಾನು ಹಲವು ವರ್ಷಗಳಿಂದ ಮಕ್ಕಳ ತಂಡಗಳನ್ನು ಸಿದ್ಧಗೊಳಿಸುತ್ತ ಬಂದಿದ್ದೇನೆ. ಚಿತ್ರೀಕರಣದ ದಿನ ಸ್ಟುಡಿಯೋದೊಳಗೆ ಕಾಲಿಟ್ಟ ಕೂಡಲೇ ಮಕ್ಕಳು ಕೇಳುವ ಮೊದಲ ಪ್ರಶ್ನೆ, ‘ಸರ್, ನಮಗೆ ಯಾವ ಮೇಜು?’ ಎಂಬುದು. ನಡುವಿನ ಮೇಜು ಸಿಕ್ಕರೆ ಅರ್ಧ ಗೆದ್ದಂತೆ ಎಂಬ ನಂಬಿಕೆ ಒಂದು ತಂಡದಿಂದ ಮುಂದಿನ ತಂಡಕ್ಕೆ ದಾಟಿಕೊಂಡು ಬಂದಿತ್ತು. ಒಮ್ಮೆ ಅಂಚಿನ ಮೇಜಿನಲ್ಲಿ ಕುಳಿತು ಸೋತು ಬಂದಾಗ ನಮ್ಮ ತಂಡದ ಹುಡುಗಿಯೊಬ್ಬಳು ಆ ಸೋಲನ್ನು ಪೂರ್ತಿಯಾಗಿ ಕುರ್ಚಿಯ ಖಾತೆಗೇ ಬರೆದುಬಿಟ್ಟಳು. ನಾನು ಕಲಿಸುವುದು ಗಣಿತವಾದ್ದರಿಂದ, ವಾದ ಮಾಡುವುದಕ್ಕಿಂತ ಎಣಿಸಿ ನೋಡುವುದೇ ಮೇಲು ಎನಿಸಿತು.

ಮೂರು ತಂಡಗಳು ಎದುರಾಗುವ ಸ್ಪರ್ಧೆಗಳನ್ನೇ ಆರಿಸಿಕೊಂಡೆ. ಇದು ಹಳೆಯ ಮಾದರಿ. ಅಮೆರಿಕದ ವಾಷಿಂಗ್ಟನ್ನಿನಲ್ಲಿ 1961ರಲ್ಲಿ ಆರಂಭವಾದ ‘ಇಟ್ಸ್ ಅಕಾಡೆಮಿಕ್’ ಎಂಬ ಪ್ರೌಢಶಾಲಾ ರಸಪ್ರಶ್ನೆಯಲ್ಲಿಯೂ ಮೂರು ತಂಡಗಳೇ ಕೂರುತ್ತವೆ. ಪ್ರತಿ ಸಂಚಿಕೆಯನ್ನು ನೋಡುತ್ತ, ಗೆದ್ದ ತಂಡ ಎಡ, ನಡು, ಬಲ ಇವುಗಳಲ್ಲಿ ಎಲ್ಲಿ ಕುಳಿತಿತ್ತು ಎಂಬುದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಕೆಲವು ವಾರಗಳ ನಂತರ ನನ್ನದೇ ತಪ್ಪೊಂದು ಕಣ್ಣಿಗೆ ಬಿತ್ತು. ಮನೆಯಲ್ಲಿ ಪರದೆ ನೋಡಿ ಬರೆದಾಗ ‘ಎಡ’ ಎಂದರೆ ವೀಕ್ಷಕನ ಎಡ. ಸ್ಟುಡಿಯೋದಲ್ಲಿ ಮಕ್ಕಳ ಹಿಂದೆ ನಿಂತು ಬರೆದಾಗ ಅದೇ ‘ಎಡ’ ಸ್ಪರ್ಧಿಯ ಎಡವಾಗಿತ್ತು. ಎರಡೂ ಒಂದೇ ಪಟ್ಟಿಯಲ್ಲಿ ಬೆರೆತುಹೋಗಿದ್ದರಿಂದ ಪಟ್ಟಿಯನ್ನು ಹರಿದು ಹಾಕಿ, ಮೊದಲ ಪ್ರಶ್ನೆ ಪಡೆಯುವ ಮೇಜಿನಿಂದ ಒಂದು, ಎರಡು, ಮೂರು ಎಂದು ಎಣಿಸುವ ಕ್ರಮವನ್ನು ಹೊಸದಾಗಿ ಆರಂಭಿಸಿದೆ. ಪರದೆಯನ್ನು ನಂಬಬಾರದೆಂಬುದಕ್ಕೆ ಬ್ರಿಟನ್ನಿನಲ್ಲಿ 1962ರಲ್ಲಿ ಆರಂಭವಾದ ‘ಯೂನಿವರ್ಸಿಟಿ ಚಾಲೆಂಜ್’ ಒಳ್ಳೆಯ ಉದಾಹರಣೆ: ಪರದೆಯ ಮೇಲೆ ಒಂದು ತಂಡ ಇನ್ನೊಂದರ ನೆತ್ತಿಯ ಮೇಲೆ ಕುಳಿತಂತೆ ಕಾಣುತ್ತದೆ, ಸ್ಟುಡಿಯೋದಲ್ಲಿ ಎರಡೂ ಅಕ್ಕಪಕ್ಕದಲ್ಲಿಯೇ ಇರುತ್ತವೆ.

ಹೊಸ ಪಟ್ಟಿಯಲ್ಲಿ ನಡುವಿನ ಮೇಜು ಮುಂದಿತ್ತು, ಮಕ್ಕಳಿಗೆ ಖುಷಿಯೂ ಆಯಿತು. ಆದರೆ ಎಷ್ಟು ಮುಂದಿದ್ದರೆ ಅದನ್ನು ಮುನ್ನಡೆ ಎನ್ನಬೇಕು? ಕುರ್ಚಿಗೂ ಗೆಲುವಿಗೂ ಸಂಬಂಧವೇ ಇಲ್ಲದಿದ್ದರೆ 30 ಸಂಚಿಕೆಗಳಲ್ಲಿ ಮೇಜಿಗೆ ಸರಾಸರಿ 10 ಗೆಲುವು ಬರಬೇಕು, ಆದರೆ ಸರಿಯಾಗಿ ಹತ್ತು ಹತ್ತೇ ಬರುವುದು ಅಪರೂಪ. ಇದನ್ನು ಮಕ್ಕಳಿಗೆ ತೋರಿಸಲು ತರಗತಿಯಲ್ಲಿ ದಾಳ ಹಾಕಿಸಿದೆ. ಒಂದು ಅಥವಾ ಎರಡು ಬಿದ್ದರೆ ಮೊದಲ ಮೇಜು, ಮೂರು ಅಥವಾ ನಾಲ್ಕಕ್ಕೆ ಎರಡನೆಯದು, ಐದು ಅಥವಾ ಆರಕ್ಕೆ ಮೂರನೆಯದು ಗೆದ್ದಂತೆ. ಮೂವತ್ತು ಸಲ ಹಾಕಿದ ಪ್ರತಿ ಗುಂಪಿನಲ್ಲಿಯೂ ಯಾವುದೋ ಒಂದು ಮೇಜು ‘ಅದೃಷ್ಟದ ಮೇಜು’ ಆಗಿ ಹೊರಬಿತ್ತು, ಮತ್ತು ಗುಂಪಿನಿಂದ ಗುಂಪಿಗೆ ಆ ಮೇಜು ಬೇರೆಯಾಗಿತ್ತು. ಕಂಡ ಎಣಿಕೆಗೂ ನಿರೀಕ್ಷಿತ ಎಣಿಕೆಗೂ ಇರುವ ಅಂತರವನ್ನು ಅಳೆಯುವ, ಸಂಖ್ಯಾಶಾಸ್ತ್ರದ ಕೈ-ವರ್ಗ (chi-square) ಪರೀಕ್ಷೆಯ ಪ್ರಕಾರ 16-7-7 ಎಂಬ ಹಂಚಿಕೆಯನ್ನೂ ಆಕಸ್ಮಿಕವಲ್ಲ ಎಂದು ಹೇಳಲು ಬರುವುದಿಲ್ಲ. ಅಲ್ಲಿ ಬರುವ ಮೌಲ್ಯ 5.4, ಬರೀ ಆಕಸ್ಮಿಕದಿಂದ ನೂರರಲ್ಲಿ ಸುಮಾರು ಐದು ಸಲವಷ್ಟೇ ಮೀರುವ ಗೆರೆ (ಶೇಕಡಾ 5ರ ಮಟ್ಟ) 5.99. ಹಂಚಿಕೆ 17-7-6 ಆದರೆ ಆ ಗೆರೆ ದಾಟುತ್ತದೆ. ಒಂದು ಮೇಜಿಗೆ ನಿಜವಾಗಿಯೂ ಅನುಕೂಲವಿದ್ದು ಅದು ಶೇಕಡಾ 33ರ ಬದಲು 40ರಷ್ಟು ಗೆಲ್ಲುವುದಾದರೆ, ಅದನ್ನು ಸಾಕಷ್ಟು ಭರವಸೆಯಿಂದ ಪತ್ತೆಹಚ್ಚಲು ಸುಮಾರು 400 ಸಂಚಿಕೆಗಳು ಬೇಕು. ವಾರಕ್ಕೊಂದು ಪ್ರಸಾರವಾಗುವ ಕಾರ್ಯಕ್ರಮದಲ್ಲಿ ಇದು ಏಳು ವರ್ಷಕ್ಕೂ ಮೀರಿದ ಕೆಲಸ. ನನ್ನ ಪಟ್ಟಿ ಅದರ ಹತ್ತಿರವೂ ಸುಳಿದಿರಲಿಲ್ಲ.

ಇನ್ನೊಂದು ಸಂಗತಿ ವಿಚಾರಿಸಿದಾಗ ತಿಳಿಯಿತು. ನಾನು ಹೆಚ್ಚಾಗಿ ನೋಡುತ್ತಿದ್ದ ಕಾರ್ಯಕ್ರಮದಲ್ಲಿ ಲಿಖಿತ ಸುತ್ತಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ತಂಡವನ್ನು ನಡುವಿನಲ್ಲಿ ಕೂರಿಸುವುದು ರೂಢಿಯಾಗಿತ್ತಂತೆ. ಬಲಿಷ್ಠ ತಂಡವನ್ನು ಆರಿಸಿ ಒಂದೆಡೆ ಕೂರಿಸಿ, ಅದು ಗೆದ್ದಾಗ ಆ ಜಾಗವನ್ನು ಹೊಗಳಿದಂತಾಯಿತು. ಚೀಟಿ ಎತ್ತಿ ಮೇಜು ಹಂಚದ ಯಾವ ಸ್ಪರ್ಧೆಯ ಅಂಕಿಗಳನ್ನೂ ನಾನು ಅಂದಿನಿಂದ ಪಟ್ಟಿಗೆ ಸೇರಿಸಿಲ್ಲ.

ಹಾಗಾದರೆ ಜಾಗದಿಂದ ಏನೂ ಆಗುವುದಿಲ್ಲವೇ? ಆಗುತ್ತದೆ, ಆದರೆ ನಮಗೆ ಸರದಿಯಲ್ಲಿ ಹಿಂದಿನವರು ಯಾರು ಎಂಬುದರಿಂದ. ನೇರ ಪ್ರಶ್ನೆಗೆ ಉತ್ತರ ಬರದಿದ್ದರೆ ಅದು ಪಾಸ್ ಆಗಿ ಮುಂದಿನ ಮೇಜಿಗೆ ಬರುತ್ತದೆ. ನನ್ನ ಹಿಂದಿನ ಮೇಜಿನವರು ಹತ್ತು ನೇರ ಪ್ರಶ್ನೆಗಳಲ್ಲಿ ಆರಕ್ಕೆ ಉತ್ತರಿಸುವವರಾದರೆ ನನಗೆ ನಾಲ್ಕು ಪಾಸ್ ಪ್ರಶ್ನೆಗಳು ಸಿಗುತ್ತವೆ. ಅವರು ಮೂರಕ್ಕಷ್ಟೇ ಉತ್ತರಿಸುವವರಾದರೆ ಏಳು. ಅವುಗಳಲ್ಲಿ ಅರ್ಧದಷ್ಟನ್ನು ಹೇಳಬಲ್ಲೆನಾದರೆ, ಪಾಸ್ ಪ್ರಶ್ನೆಗೆ 5 ಅಂಕದಂತೆ ಒಂದು ಕಡೆ 10 ಅಂಕ, ಇನ್ನೊಂದು ಕಡೆ 17.5. ನೇರ ಪ್ರಶ್ನೆಗೆ 10 ಅಂಕವಿರುವ ಸ್ಪರ್ಧೆಯಲ್ಲಿ ಈ ಏಳೂವರೆ ಅಂಕದ ವ್ಯತ್ಯಾಸವನ್ನು ಕಡೆಗಣಿಸುವಂತಿಲ್ಲ. ಕೊನೆಯ ಸುತ್ತಿನ ಹೊತ್ತಿಗೆ ಅಷ್ಟರಲ್ಲೇ ಗೆದ್ದವರನ್ನೂ ಸೋತವರನ್ನೂ ಕಂಡಿದ್ದೇನೆ. ದುರ್ಬಲ ತಂಡದ ಮುಂದೆ ಕೂತವರಿಗೆ ಹಬ್ಬ, ಬಲಿಷ್ಠರ ಮುಂದೆ ಕೂತವರಿಗೆ ಉಪವಾಸ ಎಂದು ನಮ್ಮ ಮಕ್ಕಳು ಹೇಳುತ್ತಿದ್ದುದು ಕುರ್ಚಿಯ ಮಾತಿಗಿಂತ ಹೆಚ್ಚು ನಿಜ.

ಇದನ್ನು ಸರಿದೂಗಿಸಲು ಅರ್ಧ ಸುತ್ತುಗಳನ್ನು ಪ್ರದಕ್ಷಿಣೆಯ ಕ್ರಮದಲ್ಲಿ, ಉಳಿದರ್ಧವನ್ನು ಅಪ್ರದಕ್ಷಿಣೆಯಾಗಿ ನಡೆಸುವುದುಂಟು. ಮೂರು ತಂಡಗಳಿರುವಾಗ ಇದು ಪೂರ್ಣ ಪರಿಹಾರ, ಏಕೆಂದರೆ ಉಳಿದ ಎರಡೂ ತಂಡಗಳು ಸಮಾನವಾಗಿ ನನ್ನ ಹಿಂದೆ ಬಂದುಹೋಗುತ್ತವೆ. ಆರು ತಂಡಗಳಿದ್ದರೆ ಹಾಗಲ್ಲ. ಅಕ್ಕಪಕ್ಕದ ಎರಡು ತಂಡಗಳ ಪ್ರಶ್ನೆಗಳಷ್ಟೇ ನೇರವಾಗಿ ನನಗೆ ಬರುತ್ತವೆ, ಉಳಿದ ಮೂರರ ಪ್ರಶ್ನೆಗಳು ಬೇರೆಯವರ ಕೈದಾಟಿದ ಮೇಲೆಯೇ ತಲುಪುತ್ತವೆ. ಪ್ರಶ್ನೆ ಪಾಸ್ ಆಗುವ ಮೊದಲೇ ಯಾವ ತಂಡ ಬೇಕಾದರೂ ಮೈನಸ್ ಅಂಕದ ಅಪಾಯ ಹೊತ್ತು ಉತ್ತರ ಬರೆದುಕೊಡುವ ‘ಪೌನ್ಸ್’ ಪದ್ಧತಿ ಈ ಅನ್ಯಾಯವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ.

ಬಝರ್ ಸುತ್ತಿನಲ್ಲಿ ಪಾಸ್ ಇರುವುದಿಲ್ಲವಾದ್ದರಿಂದ ಅಲ್ಲಿ ಜಾಗ ಲೆಕ್ಕಕ್ಕೇ ಬರುವುದಿಲ್ಲವೆಂದು ನಂಬಿದ್ದೆ. ಅಭ್ಯಾಸಕ್ಕೆಂದು ನಮ್ಮಲ್ಲಿದ್ದ ಬಝರ್ ಪೆಟ್ಟಿಗೆಯನ್ನು ಒಂದು ಸಂಜೆ ಬಿಚ್ಚಿ, ಒಂದನೇ ಮತ್ತು ಮೂರನೇ ಮೇಜಿನ ತಂತಿಗಳನ್ನು ಒಂದೇ ಗುಂಡಿಗೆ ಜೋಡಿಸಿದೆ. ಒತ್ತಿದರೆ ಎರಡೂ ಸಂಕೇತಗಳು ಏಕಕಾಲಕ್ಕೆ ಹೋಗಬೇಕು. ಇಪ್ಪತ್ತು ಸಲ ಒತ್ತಿದೆ. ಇಪ್ಪತ್ತು ಸಲವೂ ಹೊತ್ತಿಕೊಂಡದ್ದು ಒಂದನೇ ಮೇಜಿನ ದೀಪ. ಒಳಗಿನ ಎಲೆಕ್ಟ್ರಾನಿಕ್ ಚಿಪ್ ಮೇಜುಗಳನ್ನು ಒಂದು, ಎರಡು, ಮೂರು ಎಂದು ಸರದಿಯಲ್ಲಿ ತಪಾಸಣೆ ಮಾಡುತ್ತ ಹೋಗುತ್ತದೆ. ಒಂದೇ ಸುತ್ತಿನ ತಪಾಸಣೆಯೊಳಗೆ ಇಬ್ಬರು ಒತ್ತಿದ್ದರೆ ಮೊದಲು ಕಂಡವನಿಗೆ ಅವಕಾಶ ಕೊಟ್ಟು ಉಳಿದವರನ್ನು ತಡೆಹಿಡಿಯುತ್ತದೆ. ಈ ತಪಾಸಣೆ ಕಣ್ಣೆವೆ ಮಿಟುಕಿಸುವುದರೊಳಗೆ ಬಹಳ ಸಲ ಮುಗಿಯುವುದರಿಂದ ನಿಜವಾದ ಸ್ಪರ್ಧೆಯಲ್ಲಿ ಇಂಥ ಸಮಬಲದ ಒತ್ತು ಅಪರೂಪ. ಆದರೂ ಸುತ್ತಿನಿಂದ ಸುತ್ತಿಗೆ ಪ್ಲಗ್ಗುಗಳನ್ನು ಅದಲುಬದಲು ಮಾಡುವುದಕ್ಕೆ ಖರ್ಚೇನೂ ಇಲ್ಲ.

ಧ್ವನಿಯ ಮಾತೂ ಬರುತ್ತದೆ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ, ಕ್ವಿಜ್ ಮಾಸ್ಟರ್‌ಗೆ 3 ಮೀಟರ್ ಹೆಚ್ಚು ದೂರ ಕುಳಿತವರಿಗೆ ಪ್ರಶ್ನೆ ಸುಮಾರು 9 ಮಿಲಿಸೆಕೆಂಡು ತಡವಾಗಿ ಕೇಳಿಸುತ್ತದೆ. ಒಬ್ಬನೇ ಹುಡುಗನ ಬೆರಳು ಒಂದು ಒತ್ತಿನಿಂದ ಇನ್ನೊಂದಕ್ಕೆ ಇದಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಚಿತ್ರಪ್ರಶ್ನೆಯ ಪರದೆಯ ಮೇಲೆ ಓರೆಯಾಗಿ ದೀಪದ ಪ್ರತಿಫಲನ ಬೀಳುವುದು ಇದಕ್ಕಿಂತ ದೊಡ್ಡ ತೊಂದರೆ.

ನಡುವಿನ ಜಾಗದ ಪರವಾಗಿ ಒಂದು ಗಂಭೀರ ಅಧ್ಯಯನವಿದೆ. ಪ್ರಿಯಾ ರಘುಬೀರ್ ಮತ್ತು ಆನಾ ವಾಲೆನ್ಸುವೇಲಾ 2006ರಲ್ಲಿ ‘ದಿ ವೀಕೆಸ್ಟ್ ಲಿಂಕ್’ ಕಾರ್ಯಕ್ರಮವನ್ನು ಪರಿಶೀಲಿಸಿ, ನಡುವೆ ನಿಂತವರು ಹೆಚ್ಚು ಗೆಲ್ಲುತ್ತಾರೆಂದು ತೋರಿಸಿದರು. ಆದರೆ ಅಲ್ಲಿ ಸ್ಪರ್ಧಿಗಳೇ ಮತ ಹಾಕಿ ಒಬ್ಬರನ್ನೊಬ್ಬರು ಹೊರಗಟ್ಟುತ್ತಾರೆ. ನಡುವಿನವರ ತಪ್ಪುಗಳು ಇತರರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಶಾಲಾ ರಸಪ್ರಶ್ನೆಯಲ್ಲಿ ಅಂಕಫಲಕಕ್ಕೆ ಅಂಥ ದಾಕ್ಷಿಣ್ಯವಿಲ್ಲ.

ಈಗ ಚಿತ್ರೀಕರಣಕ್ಕೆ ಮುನ್ನ ಆಯೋಜಕರನ್ನು ಮೂರು ವಿಷಯ ಕೇಳುತ್ತೇನೆ: ಮೇಜುಗಳನ್ನು ಚೀಟಿಯಿಂದ ಹಂಚುತ್ತೀರಾ, ಪಾಸ್ ದಿಕ್ಕು ಬದಲಾಗುತ್ತದೆಯೇ, ಬಝರ್ ಪರೀಕ್ಷೆಗೆ ಅವಕಾಶವಿದೆಯೇ. ಅಭ್ಯಾಸದಲ್ಲಿ ನಮ್ಮ ತಂಡದ ಹಿಂದಿನ ಸರದಿಗೆ ಬೇಕೆಂದೇ ಹಳೆಯ ವಿದ್ಯಾರ್ಥಿಗಳ ಗಟ್ಟಿ ತಂಡವನ್ನು ಕೂರಿಸುತ್ತೇನೆ, ಅವರು ಬಿಟ್ಟುಕೊಡುವ ಕಠಿಣ ಪ್ರಶ್ನೆಗಳಷ್ಟೇ ಸಿಗುವ ದಿನಕ್ಕೂ ಮಕ್ಕಳು ಸಿದ್ಧರಾಗಿರಲಿ ಎಂದು.