ಕಯಾಕ್‌ಗೆ ಹುಟ್ಟು ಕೊಳ್ಳುವ ಮುನ್ನ ದೋಣಿ ಅಳೆಯಿರಿ

ಕಯಾಕ್ ಎಂದರೆ ಎರಡೂ ತುದಿಗೆ ಅಲಗು (ನೀರು ತಳ್ಳುವ ಚಪ್ಪಟೆ ಭಾಗ) ಇರುವ ಹುಟ್ಟಿನಿಂದ ನಡೆಸುವ ಸಣ್ಣ ದೋಣಿ. ಮೊದಲು ಟೇಪ್ ಹಿಡಿದು ಅದರ ಅಗಲ ನೋಡಿ. ಹುಟ್ಟಿನ ಉದ್ದ ನಿರ್ಧಾರವಾಗುವುದು ಮುಖ್ಯವಾಗಿ ಆ ಅಗಲದಿಂದಲೇ. ನಿಮ್ಮ ಎತ್ತರ ಆಮೇಲಿನ ಮಾತು. 58 ಸೆಂ.ಮೀ.ಗಿಂತ ಕಿರಿದಾದ ದೋಣಿಗೆ 210ರಿಂದ 220 ಸೆಂ.ಮೀ., 60–70ರ ಅಗಲಕ್ಕೆ 220–230, ಗಾಳಿ ತುಂಬಿಸುವ ಅಗಲ ದೋಣಿಗೆ 240. ಆರಡಿ ದಾಟಿದವರು ದೊಡ್ಡ ಅಳತೆಯತ್ತ ವಾಲಲಿ. ಗಿಡ್ಡವಾದರೆ ಬೆರಳಿನ ಗೆಣ್ಣು ದೋಣಿಯ ಅಂಚಿಗೆ ಉಜ್ಜುತ್ತದೆ. ಅತಿ ಉದ್ದವಾದರೆ ಅಲಗು ದೂರದಲ್ಲಿ ನೀರು ಎಳೆದು, ದೋಣಿಯ ಮೂತಿ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ.

ಮೈಸೂರು ಬಳಿಯ ವರುಣ ಕೆರೆಯಲ್ಲಿ ನಿಧಾನವಾಗಿ ಸುತ್ತುವವರಿಗೆ ಸಪೂರ ಅಲಗು ಸಾಕು. ಅಗಲವಾದದ್ದು ಪ್ರತಿ ಎಳೆತಕ್ಕೂ ಹೆಚ್ಚು ನೀರು ಹಿಡಿಯುತ್ತದೆ; ವೇಗ ಬರುತ್ತದೆ ನಿಜ, ಭುಜವೂ ಬೇಗ ಸೋಲುತ್ತದೆ.

ಅಲ್ಯೂಮಿನಿಯಂ ಕೋಲು, ಪ್ಲಾಸ್ಟಿಕ್ ಅಲಗಿನದು ಒಂದು ಕಿಲೋ ಮೇಲೆಯೇ ತೂಗುತ್ತದೆ; ಕಾರ್ಬನ್ ಸುಮಾರು 700 ಗ್ರಾಂ. ದಿನವಿಡೀ ಹುಟ್ಟು ಹಾಕುವವರಿಗೆ ಈ ವ್ಯತ್ಯಾಸ ದುಡ್ಡಿಗೆ ತಕ್ಕದ್ದು. ಆದರೆ ಶ್ರೀರಂಗಪಟ್ಟಣದ ಬಳಿಯ ಕಾವೇರಿಯಂಥ ಬಂಡೆಗಳ ನಡುವೆ ಕಾರ್ಬನ್ ಅಂಚು ಚಕ್ಕೆ ಏಳುತ್ತದೆ. ಅಲ್ಲಿಗೆ ಪ್ಲಾಸ್ಟಿಕ್ಕೇ ವಾಸಿ.

ಕೆಆರ್‌ಎಸ್ ಹಿನ್ನೀರಿನಲ್ಲಿ ಎದುರುಗಾಳಿ ಕಾಡುತ್ತದೆ. ಎರಡು ಅಲಗುಗಳ ನಡುವಿನ ಕೋನ 30–45 ಡಿಗ್ರಿಗೆ ತಿರುಗಿಸಬಹುದಾದದ್ದನ್ನು ಆರಿಸಿ. ಆಗ ನೀರಿನಿಂದ ಮೇಲಿರುವ ಅಲಗು ಗಾಳಿಯನ್ನು ಸೀಳುತ್ತದೆ.

ಹುಟ್ಟಿನ ಎರಡು ತುಂಡು ಸೇರುವ ನಡುವಿನ ಜೋಡಣೆ ಅಲುಗಾಡಿದರೆ ಕೊಳ್ಳಬೇಡಿ. ಬಳಸಿದ ಮೇಲೆ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಎಣ್ಣೆ ಮಾತ್ರ ಹಚ್ಚಬೇಡಿ: ಮರಳು ಅಂಟಿ ಬಿಗಿದುಕೊಳ್ಳುತ್ತದೆ.