ವೋಟಿನ ಹಕ್ಕಿನ ಪಾಠ: ಪಟ್ಟಿಯಲ್ಲಿ ಇಲ್ಲದವರಿಂದ ಶುರು ಮಾಡಿ

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು, ಮೇಡಂಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮತದಾನದ ಹಕ್ಕಿನ ಪಾಠ ಬಂದಾಗ ಸಾಮಾನ್ಯವಾಗಿ ಆಗುವುದು ಇಷ್ಟೇ ಅಲ್ವಾ: 326ನೇ ವಿಧಿ, 18 ವರ್ಷ, ಸಾರ್ವತ್ರಿಕ ವಯಸ್ಕ ಮತದಾನ, ಬರೆದುಕೊಳ್ಳಿ, ಮುಂದಿನ ಪಾಠ. ಮಕ್ಕಳು ಬರೆದುಕೊಳ್ಳುತ್ತಾರೆ, ಅಂಕವೂ ಬರುತ್ತದೆ. ಆದರೆ ಈ ಹಕ್ಕು ಮೊದಲು ಯಾರಿಗೆ ಇರಲಿಲ್ಲ, ಯಾರು ತಡೆದರು, ಯಾರು ಹಟ ಹಿಡಿದು ಪಡೆದರು ಅನ್ನುವುದು ತಲೆಗೆ ಹೋಗುವುದಿಲ್ಲ. ಹಾಗಾಗಿ ಅವರಿಗೆ ವೋಟು ಅಂದರೆ ಸರ್ಕಾರ ಸುಮ್ನೆ ಕೊಟ್ಟ ಒಂದು ಕಾರ್ಡು. ನನ್ನ ಸಲಹೆ ಒಂದೇ. ಪಾಠವನ್ನು ಮತದಾರರ ಪಟ್ಟಿಯ ಹೊರಗೆ ಉಳಿದವರಿಂದ ಶುರು ಮಾಡಿ. ಐದಾರು ಪಿರಿಯಡ್ ಬೇಕಾಗುತ್ತದೆ, ತೆಗೆದುಕೊಳ್ಳಿ.

ಮೊದಲ ದಿನ ಪುಸ್ತಕ ತೆಗೆಸಬೇಡಿ. ಕ್ಲಾಸಿನಲ್ಲಿ 42 ಮಕ್ಕಳಿದ್ದರೆ 42 ಚೀಟಿ ಮಾಡಿ, ಡಬ್ಬಿಗೆ ಹಾಕಿ, ಒಬ್ಬೊಬ್ಬರಾಗಿ ಬಂದು ಎತ್ತಲಿ. ಒಂದೊಂದು ಚೀಟಿಯಲ್ಲಿ ಒಬ್ಬೊಬ್ಬರು: ಜಮೀನುದಾರ, ಗೇಣಿದಾರ, ಕೂಲಿ ಮಾಡುವ ಹೆಂಗಸು, ಗಿರಣಿ ಕೆಲಸಗಾರ, ಬಿ.ಎ. ಪಾಸಾದವರು, ನೇಕಾರ, ವಕೀಲರ ಹೆಂಡತಿ. ಏಳು ಚೀಟಿಗಳ ಹಿಂದೆ ಮಾತ್ರ ಒಂದು ಗುರುತು ಇರಲಿ. ಗುರುತು ಇದ್ದವರು ಎದ್ದು ನಿಲ್ಲಲಿ. 1935ರ ಭಾರತ ಸರ್ಕಾರ ಕಾಯ್ದೆಯ ಪ್ರಕಾರ ಬ್ರಿಟಿಷ್ ಪ್ರಾಂತ್ಯಗಳಲ್ಲಿ 1937ರಲ್ಲಿ ಚುನಾವಣೆ ನಡೆದಾಗ ವೋಟು ಇದ್ದದ್ದು ಸುಮಾರು 3 ಕೋಟಿ ಜನರಿಗೆ, ಅಂದರೆ ವಯಸ್ಕರಲ್ಲಿ ಹೆಚ್ಚುಕಡಿಮೆ ಆರು ಜನರಲ್ಲಿ ಒಬ್ಬರಿಗೆ. ಕಂದಾಯ ಕಟ್ಟಬೇಕು, ಆಸ್ತಿ ಇರಬೇಕು, ಇಲ್ಲವೇ ಓದಿರಬೇಕು. ವಕೀಲರ ಹೆಂಡತಿಗೆ ವೋಟು ಸಿಕ್ಕರೆ ಅದೂ ಗಂಡನ ಆಸ್ತಿಯ ಲೆಕ್ಕದಲ್ಲಿ.

ಇಲ್ಲಿಗೆ ನಿಲ್ಲಿಸಬೇಡಿ. ಎದ್ದು ನಿಂತ ಏಳು ಜನರಿಗೆ ನಿಜವಾದ ಒಂದು ತೀರ್ಮಾನ ಕೊಡಿ, ಈ ವಾರ ಆಟದ ಪಿರಿಯಡ್‌ನಲ್ಲಿ ಖೋಖೋನೋ ಕಬಡ್ಡಿಯೋ ಅಂತ. ಉಳಿದ 35 ಮಂದಿ ಬಾಯಿ ಮುಚ್ಚಿಕೊಂಡು ಕೂರಬೇಕು. ಗಲಾಟೆ ಆಗುತ್ತದೆ, ಆಗಲಿ. ತೀರ್ಮಾನ ಆದ ಮೇಲೆ ಸುಮ್ಮನೆ ಕೂತವರನ್ನು ಕೇಳಿ: ನಿಮ್ಮ ಚೀಟಿಯಲ್ಲಿ ಏನಿದ್ದಿದ್ದರೆ ನಿಮಗೂ ವೋಟು ಸಿಗುತ್ತಿತ್ತು? ಅವರು ಕೊಡುವ ಉತ್ತರವನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ. ದುಡ್ಡು, ಜಮೀನು, ಓದು, ಗಂಡಸಾಗಿರುವುದು. ಇಷ್ಟು ಮೊದಲ ದಿನಕ್ಕೆ ಸಾಕು.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಚೀಟಿಯಲ್ಲಿ ಜಾತಿಯ ಹೆಸರು ಬರೆಯಬೇಡಿ. ಯಾವ ಮಗುವನ್ನೂ ‘ನಿಮ್ಮವರಿಗೆ ಆಗ ಹೀಗಿತ್ತು’ ಅಂತ ಎಬ್ಬಿಸಿ ನಿಲ್ಲಿಸಬೇಡಿ. ದಲಿತ ಮಗುವಿಗೆ ಈ ಪಾಠ ಚರಿತ್ರೆ ಮಾತ್ರ ಅಲ್ಲ, ಮನೆಯಲ್ಲಿ ಕೇಳಿದ ಮಾತು, ಕೆಲವೊಮ್ಮೆ ನಿನ್ನೆ ಮೊನ್ನೆ ಆದದ್ದು. ಆ ಮಗು ತಾನಾಗಿ ಮಾತಾಡಿದರೆ ಕೇಳಿಸಿಕೊಳ್ಳಿ, ಮಾತಾಡದಿದ್ದರೆ ಬಿಟ್ಟುಬಿಡಿ. ಯಾರಾದರೂ ನಕ್ಕರೆ ಅಲ್ಲೇ, ಆಗಲೇ ಪಾಠ ನಿಲ್ಲಿಸಿ ಮಾತಾಡಿ.

ಎರಡನೇ ದಿನ ನಿಮ್ಮ ಊರಿಗೆ ಬನ್ನಿ. ಆಗ ಅದು ಯಾರ ಆಳ್ವಿಕೆಯಲ್ಲಿತ್ತು? ಧಾರವಾಡ, ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿ, ಮಂಗಳೂರು, ಬಳ್ಳಾರಿ ಮದ್ರಾಸಿನಲ್ಲಿ, ಕಲಬುರಗಿ, ರಾಯಚೂರು ನಿಜಾಮರ ಕೈಯಲ್ಲಿ. ಹಳೇ ಮೈಸೂರಿನ ಕಡೆಯವರಾದರೆ 1881ರ ಪ್ರಜಾಪ್ರತಿನಿಧಿ ಸಭೆಯ ಕಥೆ ಹೇಳಲೇಬೇಕು. ದಿವಾನ್ ರಂಗಾಚಾರ್ಲು ಕಾಲದಲ್ಲಿ, ಅಕ್ಟೋಬರ್ 7ರಂದು, 144 ಸದಸ್ಯರೊಂದಿಗೆ ಮೊದಲ ಸಭೆ ನಡೆಯಿತು. ‘ನಮ್ಮ ಮೈಸೂರು ಎಲ್ಲರಿಗಿಂತ ಮುಂದಿತ್ತು’ ಅಂತ ಮಕ್ಕಳು ಹೆಮ್ಮೆಪಡುತ್ತಾರೆ, ಪಡಲಿ, ಅದು ತಪ್ಪಲ್ಲ. ಆಮೇಲೆ ಕೇಳಿ: ಆ 144 ಜನರಲ್ಲಿ ಯಾರಿದ್ದರು? ಜಮೀನುದಾರರು, ವ್ಯಾಪಾರಿಗಳು. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇತ್ತೇ? ಇರಲಿಲ್ಲ, ಅಹವಾಲು ಹೇಳಿಕೊಳ್ಳಬಹುದಿತ್ತು. ಹೊರಗಿದ್ದವರು ಸುಮ್ಮನೆ ಕೂರಲಿಲ್ಲ ಅನ್ನುವುದಕ್ಕೆ 1917ರಲ್ಲಿ ಬ್ರಾಹ್ಮಣೇತರರು ಕಟ್ಟಿಕೊಂಡ ಪ್ರಜಾಮಿತ್ರ ಮಂಡಳಿ, ಮರುವರ್ಷ ನಾಲ್ವಡಿಯವರು ನೇಮಿಸಿದ ಮಿಲ್ಲರ್ ಸಮಿತಿ ಎರಡನ್ನೂ ಹೇಳಿ. ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಬೇಕು ಅನ್ನುವ ಮಾತು ನಮ್ಮಲ್ಲಿ ಅಷ್ಟು ಹಿಂದೆಯೇ ಶುರುವಾಗಿತ್ತು.

ಕರಾವಳಿಯವರಿಗೆ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದಾರೆ. ಮಂಗಳೂರಿನಲ್ಲಿ ಹುಟ್ಟಿದವರು. ಮದ್ರಾಸ್ ಪ್ರಾಂತ್ಯದಲ್ಲಿ ಹೆಂಗಸರಿಗೆ 1921ರಲ್ಲಿ ವೋಟು ಬಂತು, ಚುನಾವಣೆಗೆ ನಿಲ್ಲುವ ಅವಕಾಶ ಬಂದದ್ದು 1926ರಲ್ಲಿ. ಬಂದ ಕೂಡಲೇ ಅವರು ನಿಂತರು. ಸ್ವಲ್ಪವೇ ವೋಟುಗಳಿಂದ ಸೋತರು. ಹೆಣ್ಣುಮಕ್ಕಳಿಗೆ ಈ ಸೋಲಿನ ಕಥೆ ಗೆಲುವಿನ ಕಥೆಗಿಂತ ಜಾಸ್ತಿ ಇಷ್ಟವಾಗುತ್ತದೆ.

ಮೂರನೇ ಪಿರಿಯಡ್ ಪೂರ್ತಿ ಮಹಾಡ್‌ಗೆ ಇಡಿ, ಈಗಿನ ಮಹಾರಾಷ್ಟ್ರದ ಆ ಊರಿನಲ್ಲಿ ಕೆರೆಯ ನೀರಿಗಾಗಿ ನಡೆದ ಹೋರಾಟಕ್ಕೆ. ‘ವೋಟಿನ ಪಾಠದಲ್ಲಿ ಕೆರೆ ಯಾಕೆ ಬಂತು’ ಅಂತ ಮಕ್ಕಳು ಕೇಳಿದರೆ ಒಳ್ಳೆಯದೇ. 1923ರಲ್ಲಿ ಮುಂಬೈ ವಿಧಾನ ಪರಿಷತ್ತು, ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರು ಅಂತ ದೂರ ಇಟ್ಟವರೂ ಬಳಸಬಹುದು ಎಂದು ನಿರ್ಣಯ ಮಾಡಿತು. 1924ರಲ್ಲಿ ಮಹಾಡ್ ಪುರಸಭೆಯೂ ಚವದಾರ್ ಕೆರೆ ಎಲ್ಲರಿಗೂ ಅಂದಿತು. ಕಾಗದದಲ್ಲಿ ಆಯಿತು, ಆದರೆ ಕೆರೆಗೆ ಇಳಿಯಲು ಯಾರನ್ನೂ ಬಿಡಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮೆರವಣಿಗೆಯಲ್ಲಿ ಹೋಗಿ ಆ ನೀರು ಕುಡಿದರು. ಅದಾದ ಮೇಲೆ ಅವರ ಮೇಲೆ ಹಲ್ಲೆ ನಡೆಯಿತು, ಮೇಲ್ಜಾತಿಯವರು ಕೆರೆಯನ್ನು ‘ಶುದ್ಧ’ ಮಾಡಿದರು, ಕೇಸು ಹಾಕಿದರು. ಮುಂಬೈ ಹೈಕೋರ್ಟಿನ ತೀರ್ಪು ಬರುವ ಹೊತ್ತಿಗೆ 1937. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಇದನ್ನು ಹೇಳಿ ಮುಗಿಸಿದ ತಕ್ಷಣ ಸಂವಿಧಾನದ 15ನೇ ವಿಧಿಯ ಎರಡನೇ ಭಾಗವನ್ನು ಒಬ್ಬ ವಿದ್ಯಾರ್ಥಿ ಗಟ್ಟಿಯಾಗಿ ಓದಲಿ. ಅಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲ ಬರುತ್ತದೆ. ಇಡೀ ದೇಶದ ಸಂವಿಧಾನದಲ್ಲಿ ಬಾವಿ, ಕೆರೆ ಯಾಕೆ ಬಂತು ಅಂತ ಕೇಳಿ, ಸ್ವಲ್ಪ ಹೊತ್ತು ಬಿಡಿ. ಮಹಾಡ್ ಕೇಳಿದ ಮಕ್ಕಳಿಗೆ ಉತ್ತರ ತಾನಾಗೇ ಹೊಳೆಯುತ್ತದೆ. ಜೊತೆಗೆ 17ನೇ ವಿಧಿ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಅದೇ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಆದದ್ದು, ಇವನ್ನು ಬೇಗ ಮುಗಿಸಬಹುದು. ವೋಟು ಇದ್ದೂ ಊರಿನ ಕೆರೆಗೆ ಇಳಿಯಲು ಆಗದಿದ್ದರೆ ಆ ವೋಟಿನಿಂದ ಏನು ಬಂತು, ಕೆರೆಗೆ ಇಳಿಯಬಹುದು ಆದರೆ ವೋಟಿಲ್ಲ ಅಂದರೆ ನಾಳೆ ಆ ಕೆರೆಯನ್ನು ಉಳಿಸಿಕೊಳ್ಳುವುದು ಹೇಗೆ, ಈ ಎರಡು ಪ್ರಶ್ನೆ ಕೊಟ್ಟು ಎರಡು ಗುಂಪು ಮಾಡಿ ಚರ್ಚೆಗೆ ಬಿಡಿ.

ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ ಇನ್ನು ಬರುತ್ತದೆ, ಮತದಾರರ ಪಟ್ಟಿ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲೂ ಸಿಗುವುದು ಕಷ್ಟ. ಸಂವಿಧಾನ ಜಾರಿಗೆ ಬರುವ ಮೊದಲೇ, 1947ರ ಕೊನೆಯಲ್ಲಿ, ಪಟ್ಟಿಯ ತಯಾರಿ ಶುರುವಾಗಿತ್ತು. ಅದನ್ನು ನಡೆಸಿದ್ದು ಸಂವಿಧಾನ ಸಭೆಯ ಕಚೇರಿ, ಅಲ್ಲಿ ಸಲಹೆಗಾರರಾಗಿದ್ದವರು ಮಂಗಳೂರಿನ ಬಿ.ಎನ್. ರಾವ್. ದೇಶ ಒಡೆದು ಲಕ್ಷಾಂತರ ಜನ ಗಡಿ ದಾಟಿ ಬರುತ್ತಿದ್ದ ಹೊತ್ತು. ಒಂದು ಊರಲ್ಲಿ ಇಷ್ಟು ದಿನ ಇದ್ದರೆ ಮಾತ್ರ ಹೆಸರು ಅನ್ನುವ ನಿಯಮ ನಿರಾಶ್ರಿತರಿಗೆ ಹೇಗೆ ಹೊಂದುತ್ತದೆ? ಇಲ್ಲೇ ನೆಲೆಸುತ್ತೇನೆ ಅಂತ ಅವರು ಬರೆದುಕೊಟ್ಟರೆ ಸಾಕು ಅಂದರು.

ಹೆಂಗಸರದು ಇನ್ನೊಂದು ಕಥೆ. ಮನೆಗೆ ಬಂದ ಗುಮಾಸ್ತರಿಗೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂತ ಬರೆಸಿದರು. ಹಾಗೆ ಬರೆದರೆ ಆಗುವುದಿಲ್ಲ, ಸ್ವಂತ ಹೆಸರು ಬೇಕೇ ಬೇಕು ಅಂತ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಟ ಹಿಡಿದರು. ಕೊನೆಗೂ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು, ಜಾಸ್ತಿ ಉತ್ತರ ಭಾರತದ ರಾಜ್ಯಗಳವರು, ಪಟ್ಟಿಯಿಂದ ಹೊರಗೆ ಬಿದ್ದರು. ಸೇನ್ ಮಾಡಿದ್ದು ಸರಿಯೇ? ಇದನ್ನು ಕ್ಲಾಸಿಗೆ ಬಿಡಿ, ನೀವು ತೀರ್ಪು ಕೊಡಬೇಡಿ. ಆ ದಿನದ ಮನೆಗೆಲಸ: ನಿಮ್ಮ ಅಜ್ಜಿಯ ಅಮ್ಮನ ಹೆಸರು ಬರೆದುಕೊಂಡು ಬನ್ನಿ. ಅಜ್ಜನ ಅಪ್ಪನ ಹೆಸರನ್ನೂ ಬರೆಯಿರಿ. ಎರಡರಲ್ಲಿ ಯಾವುದು ಸುಲಭವಾಗಿ ಸಿಕ್ಕಿತು ಅಂತ ಮರುದಿನ ಕೈ ಎತ್ತಿಸಿ ನೋಡಿ.

ಮೊದಲ ಚುನಾವಣೆಯನ್ನು ಹೇಳುವುದಕ್ಕಿಂತ ಮಾಡಿಸುವುದು ಒಳ್ಳೆಯದು. 1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿವರೆಗೆ ನಡೆದ ಚುನಾವಣೆ ಅದು, ಪಟ್ಟಿಯಲ್ಲಿ ಇದ್ದವರು 17 ಕೋಟಿಗೂ ಹೆಚ್ಚು. 1951ರ ಜನಗಣತಿಯ ಪ್ರಕಾರ ಓದು ಬರಹ ಬರುತ್ತಿದ್ದದ್ದು ನೂರಕ್ಕೆ 18 ಜನರಿಗೆ. ಹಾಗಾಗಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಚೀಟಿಗೆ ಗುರುತು ಹಾಕುವ ಕೆಲಸವೇ ಇಲ್ಲ, ಬೇಕಾದವರ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಮೂರು ರಟ್ಟಿನ ಡಬ್ಬಿ ತನ್ನಿ, ಛತ್ರಿ, ಕೊಡ, ಸೈಕಲ್ ಚಿತ್ರ ಅಂಟಿಸಿ, ನಿಮ್ಮ ಕಡೆ ಯಾವುದಾದರೂ ಪಕ್ಷಕ್ಕೆ ಇರುವ ಚಿಹ್ನೆ ಆದರೆ ಬದಲಾಯಿಸಿ. ಪರದೆಯ ಹಿಂದೆ ಡಬ್ಬಿ ಇಡಿ. ಎಣಿಸಿದ ಮೇಲೆ ಕೇಳಿ, ಈ ಪದ್ಧತಿಯಲ್ಲಿ ಮೋಸ ಮಾಡಬೇಕು ಅಂದರೆ ಹೇಗೆ ಮಾಡಬಹುದು? ಮಕ್ಕಳು ಎಷ್ಟು ದಾರಿ ಹುಡುಕುತ್ತಾರೆ ನೋಡಿ, ಆಮೇಲೆ ಇದು ಯಾಕೆ ಬದಲಾಯಿತು ಅಂತ ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಬೆರಳಿನ ಶಾಯಿಯ ಮಾತು ಬಂದರೆ, 1962ರಿಂದ ಅದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ ಹೋಗುತ್ತಿದೆ ಅನ್ನುವುದನ್ನು ಹೇಳಿ.

ಅಮೆರಿಕದ ಕಥೆಗೆ ಒಂದು ಪಿರಿಯಡ್ ಕೊಡಿ, ಅದನ್ನು ಇಲ್ಲಿಯೇ, ಓದು ಬರಹದ ಮಾತಿನ ಪಕ್ಕದಲ್ಲೇ ಇಡಿ. ಅಲ್ಲಿ 1870ರಲ್ಲೇ, ಬಣ್ಣ ನೋಡಿ ವೋಟು ತಡೆಯಬಾರದು ಅಂತ ಸಂವಿಧಾನಕ್ಕೆ ತಿದ್ದುಪಡಿ ಆಗಿತ್ತು. ಆದರೆ ದಕ್ಷಿಣದ ರಾಜ್ಯಗಳು ಓದಿನ ಪರೀಕ್ಷೆ, ವೋಟಿಗೆ ತೆರಿಗೆ, ಬೆದರಿಕೆ ಎಲ್ಲ ಸೇರಿಸಿ ಕಪ್ಪು ಜನರನ್ನು ಪಟ್ಟಿಯಿಂದ ದೂರ ಇಟ್ಟವು. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ ಸೇತುವೆ ದಾಟಿ ಬಂದ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು. ಅದೇ ವರ್ಷ ಆಗಸ್ಟ್‌ನಲ್ಲಿ ಮತದಾನ ಹಕ್ಕುಗಳ ಕಾಯ್ದೆ ಬಂತು. ನಾವು ಓದು ಬಾರದವರನ್ನು ಮೊದಲ ಚುನಾವಣೆಯಲ್ಲೇ ಒಳಗೆ ಕರೆದುಕೊಂಡೆವು, ಅವರು ಓದನ್ನೇ ಬೀಗ ಮಾಡಿದರು. ಆದರೆ ನಾವು ದೊಡ್ಡವರು, ಅವರು ಸಣ್ಣವರು ಅನ್ನುವ ಕಡೆಗೆ ಮಾತು ಹೋಗಲು ಬಿಡಬೇಡಿ, ಮಹಾಡ್ ನೆನಪಿಸಿ. ಎರಡೂ ಕಡೆ ಕಾಗದ ಒಂದು ಹೇಳಿತು, ಊರು ಇನ್ನೊಂದು ಮಾಡಿತು.

ಇನ್ನು ಮನೆಯ ಹಿರಿಯರನ್ನು ಮಾತಾಡಿಸುವ ಕೆಲಸ. ಪ್ರಶ್ನೆಗಳನ್ನು ನೀವೇ ಬರೆಸಿ ಕಳಿಸಿ: ಮೊದಲ ಸಲ ವೋಟು ಹಾಕಿದ್ದು ಯಾವಾಗ? ಜೊತೆಗೆ ಯಾರು ಬಂದರು? ಯಾರಿಗೆ ಹಾಕಬೇಕು ಅಂತ ಮನೆಯಲ್ಲಿ ಯಾರಾದರೂ ಹೇಳಿದ್ದರೇ? ಊರ ಹೋಟೆಲಲ್ಲಿ ಎಲ್ಲರಿಗೂ ಒಂದೇ ಲೋಟ ಇತ್ತೇ? ಯಾರಿಗೆ ವೋಟು ಹಾಕಿದಿರಿ ಅನ್ನುವ ಪ್ರಶ್ನೆ ಬೇಡ, ವೋಟು ಗುಟ್ಟು ಅನ್ನುವುದನ್ನೂ ಆ ನೆಪದಲ್ಲೇ ಕಲಿಸಿದ ಹಾಗಾಗುತ್ತದೆ. ಲೋಟದ ಪ್ರಶ್ನೆಗೆ ಪೋಷಕರು ಯಾರಾದರೂ ಬೇಸರ ಮಾಡಿಕೊಂಡು ಶಾಲೆಗೆ ಬಂದರೆ ಹೆದರಬೇಡಿ. ವಾದ ಬೇಡ, 15 ಮತ್ತು 17ನೇ ವಿಧಿ ತೆರೆದು ತೋರಿಸಿ, ಪಾಠ ಇದರದ್ದೇ ಅನ್ನಿ.

ಇವತ್ತಿನ ಪಟ್ಟಿಯನ್ನೂ ಒಮ್ಮೆ ನೋಡಲಿ. ವೋಟಿನ ವಯಸ್ಸು 21 ಇದ್ದದ್ದು 1989ರಲ್ಲಿ 18 ಆಯಿತು, ಈಗ 17 ತುಂಬಿದವರು ಮುಂಚೆಯೇ ನಮೂನೆ 6 ತುಂಬಿ ಅರ್ಜಿ ಹಾಕಬಹುದು, ಹತ್ತನೇ ಕ್ಲಾಸಿನವರಿಗೆ ಅದೇನೂ ದೂರ ಇಲ್ಲ. ಜೈಲಿನಲ್ಲಿ ಇರುವವರು ವೋಟು ಹಾಕುವ ಹಾಗಿಲ್ಲ, ಅದು ಸರಿಯೇ? ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರ ಹೆಸರು ಊರಿನ ಪಟ್ಟಿಯಲ್ಲಿ ಇರುತ್ತದೆ, ಮತದಾನದ ದಿನ ಅವರು ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬರಬೇಕು. ಹೆಸರು ಇದ್ದೂ ಹೊರಗೆ ಉಳಿಯುವುದು ಹೀಗೆ.

ಪರೀಕ್ಷೆಯಲ್ಲಿ ಇಸವಿ ಕೇಳಿ, ಒಂದೆರಡು ಅಂಕಕ್ಕೆ ಸಾಕು. ಐದು ಅಂಕಕ್ಕೆ ಇಂಥದ್ದು ಕೊಡಿ: ‘ಪಟ್ಟಿ ಬರೆಯುವ ಗುಮಾಸ್ತರು 1948ರಲ್ಲಿ ನಿಮ್ಮ ಮನೆಗೆ ಬಂದಿದ್ದಾರೆ. ಅಜ್ಜಿ ಹೆಸರು ಹೇಳಲು ಒಪ್ಪುತ್ತಿಲ್ಲ. ಅವರಿಗೆ ನೀವು ಏನು ಹೇಳುತ್ತೀರಿ?’ ಅಜ್ಜಿ ಯಾಕೆ ಹೇಳುತ್ತಿಲ್ಲ ಅನ್ನುವುದು ಅರ್ಥವಾಗಿದ್ದರೆ ಎರಡು ಅಂಕ, ಮೊದಲು ಯಾರಿಗೆಲ್ಲ ವೋಟು ಇರಲಿಲ್ಲ ಅಂತ ಬರೆದಿದ್ದರೆ ಎರಡು, ಅಜ್ಜಿಗೆ ಗದರದೆ ಮಾತಾಡಿದ್ದರೆ ಉಳಿದ ಒಂದು.