ಕ್ರೋಮ್-ಮೋಲಿ ಪ್ಲೇಟೂ ಬೆಳಗಿನ ಜಾವ ಖಾಲಿಯಾದ ಸಿಲಿಂಡರೂ

ಮೈಲ್ಡ್ ಸ್ಟೀಲ್ ಪ್ಲೇಟಿನ ಪಕ್ಕ ಕ್ರೋಮ್-ಮೋಲಿ ಪ್ಲೇಟ್ ಇಟ್ಟರೆ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಅದೇ ಕಪ್ಪು ಸ್ಕೇಲ್, ಅದೇ ತೂಕ. ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶಾಪ್‌ನಲ್ಲಿ ನಾನು ವೆಲ್ಡಿಂಗ್ ಸೂಪರ್‌ವೈಸರ್ ಆಗಿದ್ದಾಗ ಈ ಪ್ಲೇಟಿನ ಮೊದಲ ಕೆಲಸ ಬಂತು. ರಿಫೈನರಿಯೊಂದಕ್ಕೆ ಹೋಗುವ ವೆಸಲ್, ಅಂದರೆ ಒತ್ತಡ ತಡೆಯುವ ದೊಡ್ಡ ಪಾತ್ರೆ. ಶೆಲ್ (ಅದರ ಗೋಡೆ) 38 ಮಿ.ಮೀ. ದಪ್ಪ, ಒಳವ್ಯಾಸ 1400 ಮಿ.ಮೀ. ಪ್ಲೇಟು ಎಸ್‌ಎ 387, ಗ್ರೇಡ್ 11, ಕ್ಲಾಸ್ 2. ಅಂದರೆ ನೂರಕ್ಕೆ ಸುಮಾರು ಒಂದೂಕಾಲು ಭಾಗ ಕ್ರೋಮಿಯಂ, ಅರ್ಧ ಭಾಗ ಮಾಲಿಬ್ಡಿನಂ. ಇಷ್ಟು ಚೂರು ಸೇರಿಸಿದ್ದಕ್ಕೇ ಕೆಲಸ ಮಾಡುವ ರೀತಿಯೆಲ್ಲ ಬದಲಾಗುತ್ತದೆ ಅಂತ ನನಗೆ ಆಗ ಪುಸ್ತಕದಿಂದ ಗೊತ್ತಿತ್ತು, ಕೈಯಿಂದ ಗೊತ್ತಿರಲಿಲ್ಲ.

ಯಾಕೆ ಇಷ್ಟು ದುಬಾರಿ ಪ್ಲೇಟು? ಸಾಮಾನ್ಯ ಕಾರ್ಬನ್ ಸ್ಟೀಲ್ 425 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ವರ್ಷಗಟ್ಟಲೆ ಒತ್ತಡ ತಡೆದುಕೊಳ್ಳುವುದಿಲ್ಲ, ನಿಧಾನವಾಗಿ ಹಿಗ್ಗುತ್ತಾ ಹೋಗುತ್ತದೆ. ಆ ಹಿಗ್ಗುವಿಕೆಯನ್ನು ಮಾಲಿಬ್ಡಿನಂ ತಡೆಯುತ್ತದೆ. ಕ್ರೋಮಿಯಂ ತುಕ್ಕಿನ ಪದರ ಏಳದಂತೆ ನೋಡಿಕೊಳ್ಳುತ್ತದೆ, ಜೊತೆಗೆ ಕಾರ್ಬನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಈ ಹಿಡಿದುಕೊಳ್ಳುವುದು ಬಹಳ ಮುಖ್ಯ. ಬಿಸಿ ಹೈಡ್ರೋಜನ್ ಸ್ಟೀಲಿನೊಳಗೆ ನುಗ್ಗಿ ಕಾರ್ಬನ್ ಜೊತೆ ಸೇರಿ ಮೀಥೇನ್ ಆಗುತ್ತದೆ. ಆ ಮೀಥೇನ್ ಹೊರಗೆ ಬರಲಾರದೆ ಒಳಗೇ ಬಿರುಕು ಬಿಡಿಸುತ್ತದೆ. 2010ರ ಏಪ್ರಿಲ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅನಾಕೋರ್ಟಿಸ್ ರಿಫೈನರಿಯಲ್ಲಿ ಕಾರ್ಬನ್ ಸ್ಟೀಲಿನ ಹೀಟ್ ಎಕ್ಸ್‌ಚೇಂಜರ್ ಒಂದು ಹೀಗೆಯೇ ಒಡೆದು 7 ಜನ ಸತ್ತರು. ಕೆಲಸ ಶುರುವಾಗುವ ಮುಂಚೆ ನಮ್ಮ ಹುಡುಗರನ್ನೆಲ್ಲ ಕೂರಿಸಿಕೊಂಡು ಇದನ್ನು ಹೇಳಿದೆ. ಯಾರಿಗೋಸ್ಕರ ಮಾಡುತ್ತಿದ್ದೇವೆ ಅಂತ ಗೊತ್ತಿದ್ದರೆ ಕೈ ತಾನಾಗಿ ಹುಷಾರಾಗುತ್ತದೆ, ಅಲ್ವಾ?

ಪ್ಲೇಟ್ ಬಂದ ದಿನವೇ ಪಿಎಂಐ ಗನ್ (ಲೋಹದಲ್ಲಿ ಏನೇನು ಎಷ್ಟೆಷ್ಟಿದೆ ಅಂತ ತೋರಿಸುವ ಕೈಯಂತ್ರ) ಇಟ್ಟು ಒಂದೊಂದನ್ನೂ ನೋಡಿದೆವು. ಕ್ರೋಮಿಯಂ 1.00ರಿಂದ 1.50, ಮಾಲಿಬ್ಡಿನಂ 0.45ರಿಂದ 0.65 ಶೇಕಡಾ ಒಳಗಿರಬೇಕು. ಗನ್ನಿಗೆ ಕಾರ್ಬನ್ ಕಾಣುವುದಿಲ್ಲ, ಅದಕ್ಕೆ ಮಿಲ್ ಸರ್ಟಿಫಿಕೇಟೇ ಗತಿ. ಕತ್ತರಿಸುವ ಮುಂಚೆ ಹೀಟ್ ನಂಬರನ್ನು (ಮಿಲ್‌ನಲ್ಲಿ ಯಾವ ಎರಕದಿಂದ ಬಂದದ್ದು ಅಂತ ಹೇಳುವ ಸಂಖ್ಯೆ) ಪ್ರತಿ ತುಂಡಿನ ಮೇಲೂ ಪಂಚ್ ಮಾಡಿಸಿದೆ. ಉಳಿದ ಚೂರುಗಳಿಗೂ ಪಂಚ್ ಮಾಡಿಸಿ, ಬಣ್ಣ ಹೊಡೆಸಿ, ಬೇರೆ ಕಡೆ ಇಡಿಸಿದೆ. ಇಲ್ಲದಿದ್ದರೆ ಯಾರೋ ಒಬ್ಬರು ಅರ್ಜೆಂಟಿನಲ್ಲಿ ಮೈಲ್ಡ್ ಸ್ಟೀಲ್ ಚೂರು ತಂದು ಕ್ಲೀಟ್ (ಹಿಡಿದುಕೊಳ್ಳುವ ತುಂಡು) ಅಂತ ಅಂಟಿಸಿಬಿಡುತ್ತಾರೆ.

ಆರ್ಡರ್ ಕೊಡುವಾಗಲೇ ಒಂದು ಕೆಲಸ ಮಾಡಿದ್ದೆವು. ಈ ಪ್ಲೇಟನ್ನು ಮಿಲ್‌ನಲ್ಲಿ ನಾರ್ಮಲೈಸ್ ಮಾಡಿ (ಚೆನ್ನಾಗಿ ಕಾಯಿಸಿ ಗಾಳಿಯಲ್ಲಿ ಆರಿಸಿ) ಟೆಂಪರ್ ಮಾಡಿರುತ್ತಾರೆ (ಮತ್ತೆ ಕಡಿಮೆ ಬಿಸಿಗೆ ಕಾಯಿಸಿರುತ್ತಾರೆ). ವೆಲ್ಡ್ ಆದ ಮೇಲೆ ನಾವು ಮತ್ತೆ ಫರ್ನೇಸ್‌ಗೆ ಹಾಕುತ್ತೇವೆ. ಪ್ರತಿ ಸಲ ಕಾಯಿಸಿದಾಗಲೂ ಪ್ಲೇಟಿನ ಬಲ ಒಂಚೂರು ಇಳಿಯುತ್ತದೆ. ಹಾಗಾಗಿ ಒಟ್ಟು ಎಷ್ಟು ಸಲ, ಎಷ್ಟು ಗಂಟೆ ಕಾಯಿಸುತ್ತೇವೆ ಅಂತ ಮೊದಲೇ ಮಿಲ್‌ಗೆ ತಿಳಿಸಿ, ಅಷ್ಟು ಕಾಯಿಸಿದ ಸ್ಯಾಂಪಲ್ ಮೇಲೆಯೇ ಟೆನ್ಸೈಲ್ (ಎಳೆದು ಬಲ ನೋಡುವ ಪರೀಕ್ಷೆ) ಮಾಡಿಸಬೇಕು. ನಾವು ಶಾಪ್‌ನಲ್ಲಿ ಒಂದು ಸಲ, ರಿಪೇರಿ ಬಂದರೆ ಇನ್ನೊಂದು ಸಲ, ಮುಂದೆ ಗಿರಾಕಿಯ ಸೈಟ್‌ನಲ್ಲಿ ಬೇಕಾದರೆ ಅಂತ ಮತ್ತೊಂದು ಸಲ, ಹೀಗೆ ಮೂರು ಲೆಕ್ಕ ಕೊಟ್ಟಿದ್ದೆವು.

ಪ್ಲೇಟ್ ಗ್ಯಾಸ್ ಕಟಿಂಗ್ ಮಾಡುವಾಗಲೂ ಬಿಸಿ ಮಾಡಿದೆವು. ಕಟ್ ಆದ ಅಂಚನ್ನು ಗ್ರೈಂಡ್ ಮಾಡಿ ಎಂಪಿಐ (ಅಯಸ್ಕಾಂತ, ಕಬ್ಬಿಣದ ಪುಡಿ ಬಳಸಿ ಮೇಲ್ಮೈ ಬಿರುಕು ಹುಡುಕುವ ಪರೀಕ್ಷೆ) ಹಾಕಿ ನೋಡಿದೆವು. ರೋಲಿಂಗ್ ತಣ್ಣಗೇ ಆಯಿತು. ಅದರಲ್ಲಿ ಹೇಳುವಂಥದ್ದು ಏನಿಲ್ಲ.

ವೆಲ್ಡಿಂಗ್‌ಗೆ ಬರೋಣ. ರೂಟ್, ಅಂದರೆ ತಳದ ಮೊದಲ ಪದರ, ಟಿಗ್ ವೆಲ್ಡಿಂಗ್‌ನಲ್ಲಿ, ಇಆರ್80ಎಸ್-ಬಿ2 ತಂತಿ. ಫಿಲ್ಲಿಂಗ್‌ಗೆ (ಅದರ ಮೇಲೆ ತುಂಬಲು) ಇ8018-ಬಿ2 ರಾಡ್. ರಾಡ್‌ಗಳನ್ನು ಮದರ್ ಓವನ್‌ನಲ್ಲಿ 350 ಡಿಗ್ರಿಗೆ ಬೇಕ್ ಮಾಡಿ, ಪ್ರತಿ ವೆಲ್ಡರ್‌ಗೂ ಒಂದು ಪೋರ್ಟಬಲ್ ಓವನ್ ಕೊಟ್ಟೆ. ಪ್ರಿಹೀಟ್, ಅಂದರೆ ವೆಲ್ಡ್ ಮಾಡುವ ಮುಂಚೆ ಜಾಯಿಂಟ್ ಕಾಯಿಸುವುದು, ಕನಿಷ್ಠ 150 ಡಿಗ್ರಿ. ಒಳಗಿನಿಂದ ಎಲ್‌ಪಿಜಿ ಬರ್ನರ್, ಹೊರಗಿನಿಂದ ಥರ್ಮಲ್ ಚಾಕ್ (ನಿಗದಿತ ಬಿಸಿಗೆ ಕರಗುವ ಚಾಕ್). ಬೆಂಕಿ ತಗಲುವ ಕಡೆಯೇ ಚಾಕ್ ಗೀಚಿದರೆ ಅದು ಸುಳ್ಳು ಹೇಳುತ್ತದೆ. ಹೊರಮೈಯಲ್ಲಿ, ಜಾಯಿಂಟ್‌ನಿಂದ ನಾಲ್ಕು ಬೆರಳು ದೂರದಲ್ಲಿ ಗೀಚಿ, ಅಲ್ಲಿ ಕರಗಿದರೆ ಮಾತ್ರ ಆರ್ಕ್ ಹೊಡೆಯಬೇಕು. ಟ್ಯಾಕ್ (ಜೋಡಿಸಿ ನಿಲ್ಲಿಸುವ ಚಿಕ್ಕ ವೆಲ್ಡ್) ಹಾಕಲೂ ಅಷ್ಟೇ ಬಿಸಿ ಬೇಕು. ಅದಕ್ಕಿಂತ ಮುಖ್ಯವಾದದ್ದು, ವೆಲ್ಡ್ ಮುಗಿದ ಮೇಲೆ ತಣ್ಣಗಾಗಲು ಬಿಡದೆ ಹಾಗೇ 300-350ಕ್ಕೆ ಏರಿಸಿ ಎರಡು ಗಂಟೆ ಹಿಡಿದು, ಸಿರಾಮಿಕ್ ವುಲ್ ಹೊದಿಸಿ ಇಳಿಸಬೇಕು. ರಾಡ್‌ನಲ್ಲಿ ಸೇರಿಕೊಂಡ ತೇವದಿಂದ ವೆಲ್ಡ್‌ಗೆ ಹೈಡ್ರೋಜನ್ ಬಂದಿರುತ್ತದೆ. ಬಿಸಿ ಇದ್ದರೆ ಅದು ಹೊರಗೆ ಹೋಗುತ್ತದೆ. ತಣ್ಣಗಾದರೆ ಅಲ್ಲೇ ಸಿಕ್ಕಿಕೊಂಡು, ಒಂದು ದಿನವೋ ಎರಡು ದಿನವೋ ಬಿಟ್ಟು ಬಿರುಕು ಬಿಡಿಸುತ್ತದೆ.

ನಮ್ಮ ಹಿರಿಯ ಮೇಸ್ತ್ರಿ ಇದನ್ನು ಎಳೆಯ ವೆಲ್ಡರ್‌ಗಳಿಗೆ ನನಗಿಂತ ಚೆನ್ನಾಗಿ ಹೇಳಿದ್ದರು: "ಬಾಣಂತಿ ಕಣ್ರೋ ಇದು. ಗಾಳಿಗೆ ಬಿಡಬೇಡಿ."

ಹಾಗೆ ಹೇಳಿಯೂ ಗಾಳಿಗೆ ಬಿಟ್ಟೆವು. ಜನವರಿ ತಿಂಗಳು, ರಾತ್ರಿ ಪಾಳಿ. ಎಂಟು ಇಂಚಿನ ನಾಝಲ್‌ನ (ವೆಸಲ್‌ಗೆ ಪೈಪ್ ಜೋಡಿಸುವ ಬಾಯಿ) ವೆಲ್ಡ್ ಅರ್ಧ ತುಂಬಿತ್ತು. ಬೆಳಗಿನ ಜಾವ ಗ್ಯಾಸ್ ಸಿಲಿಂಡರ್ ಖಾಲಿಯಾಯಿತು, ಬದಲಿ ಸಿಲಿಂಡರ್ ಬೀಗ ಹಾಕಿದ ಸ್ಟೋರ್‌ನಲ್ಲಿತ್ತು. ವೆಲ್ಡರ್ ಕೆಲಸ ನಿಲ್ಲಿಸಿದ. ಜಾಯಿಂಟ್ ಕೈಯಿಟ್ಟು ಮುಟ್ಟುವಷ್ಟು ತಣ್ಣಗಾಯಿತು. ಬೆಳಗಿನ ಪಾಳಿಯವನು ಬಂದು, ಹೊಸ ಸಿಲಿಂಡರ್ ಹಾಕಿ, 150 ಬಂದದ್ದು ನೋಡಿಕೊಂಡು ಉಳಿದದ್ದನ್ನು ತುಂಬಿಬಿಟ್ಟ. ಮೇಲಿನಿಂದ ನೋಡಿದರೆ ಚಂದದ ವೆಲ್ಡ್.

48 ಗಂಟೆ ಬಿಟ್ಟು ಅಲ್ಟ್ರಾಸಾನಿಕ್ ಮಾಡಿದಾಗ ಸ್ಕ್ರೀನ್ ಮೇಲೆ ಇರಬಾರದ ಕಡೆ ಚೂಪಾದ ಗೆರೆ ಎದ್ದಿತು. ಸುಮಾರು 20 ಮಿ.ಮೀ. ಆಳದಲ್ಲಿ, ಹೆಬ್ಬೆರಳಿನಷ್ಟು ಉದ್ದದ ಬಿರುಕು. ಪ್ರಿಹೀಟ್ ಲಾಗ್ ಶೀಟ್ ತರಿಸಿದೆ. ಎರಡು ಗಂಟೆಯ ಸಾಲಿನಲ್ಲಿ 170 ಅಂತ ಬರೆದಿತ್ತು. ಮೂರು, ನಾಲ್ಕು, ಐದರ ಸಾಲುಗಳು ಖಾಲಿ. ಆರಕ್ಕೆ 155. ರಾತ್ರಿ ಪಾಳಿಯ ಹುಡುಗನನ್ನು ಕೇಳಿದೆ. ಅವನು ತಲೆ ತಗ್ಗಿಸಿ, "ಸರ್, ಸುಳ್ಳು ಬರೆಯೋಕೆ ಮನಸ್ಸು ಬರಲಿಲ್ಲ, ಅದಕ್ಕೇ ಖಾಲಿ ಬಿಟ್ಟೆ" ಅಂದ. ಅವನಿಗೆ ನಾನು ಬೈಯಲಿಲ್ಲ. ಸಿಲಿಂಡರ್ ಸ್ಟೋರ್‌ನಲ್ಲಿ ಬೀಗದೊಳಗೆ ಇದ್ದದ್ದು ನನ್ನ ತಪ್ಪು. ಅವನು ಸುಮ್ನೆ 160, 165 ಅಂತ ತುಂಬಿಸಿದ್ದರೆ ಕಾರಣ ಹುಡುಕುತ್ತಾ ನಾವು ರಾಡು, ಪ್ಲೇಟು ಎಲ್ಲವನ್ನೂ ಅನುಮಾನಿಸಬೇಕಿತ್ತು.

ರಿಪೇರಿಗೂ ಮೊದಲು ಪ್ರಿಹೀಟ್, ಆಮೇಲೆ ಗೌಜಿಂಗ್ (ಕೆಟ್ಟ ವೆಲ್ಡ್ ಕೆತ್ತಿ ತೆಗೆಯುವುದು). ಗ್ರೈಂಡ್ ಮಾಡಿ ಎಂಪಿಐ ಹಾಕಿದಾಗ ಬಿರುಕಿನ ಕೊನೆ ಕೂದಲೆಳೆಯಂತೆ ಕಂಡಿತು. ಅದು ಪೂರ್ತಿ ಹೋಗುವವರೆಗೆ ತೆಗೆದೆವು. ಈ ಸಲ ಮೇಸ್ತ್ರಿಯೇ ಕೂತು ತುಂಬಿದರು, ನಡುವೆ ಎಲ್ಲೂ ನಿಲ್ಲಿಸದೆ. ಮುಗಿದ ತಕ್ಷಣ 320ಕ್ಕೆ ಏರಿಸಿ ಮೂರು ಗಂಟೆ ಹಿಡಿದೆವು. ಮತ್ತೆ 48 ಗಂಟೆ ಕಾದೆವು. ಸ್ಕ್ರೀನ್ ಸ್ವಚ್ಛವಾಗಿತ್ತು.

ಇಡೀ ವೆಸಲ್ ಫರ್ನೇಸ್‌ಗೆ ಹೋಯಿತು. ಕೋಡ್ (ಇಂಥ ವೆಸಲ್‌ಗಳ ನಿಯಮಾವಳಿ) ಪ್ರಕಾರ ಕನಿಷ್ಠ 650 ಡಿಗ್ರಿ ಸಾಕು, ನಾವು 690 ಇಟ್ಟೆವು. 38 ಮಿ.ಮೀ. ದಪ್ಪಕ್ಕೆ ಒಂದೂವರೆ ಗಂಟೆ ಹಿಡಿಯಬೇಕು. 425 ದಾಟಿದ ಮೇಲೆ ಗಂಟೆಗೆ 148 ಡಿಗ್ರಿಗಿಂತ ಜಾಸ್ತಿ ಏರಿಸುವಂತಿಲ್ಲ, ನಾವು 80ರ ಆಸುಪಾಸಿನಲ್ಲೇ ಏರಿಸಿದೆವು. ಚಾರ್ಟ್ ಪೇಪರ್ ಮೇಲೆ ಎಲ್ಲ ಥರ್ಮೋಕಪಲ್‌ಗಳ (ಬಿಸಿ ಅಳೆಯುವ ತಂತಿಗಳ) ಗೆರೆ ಒಟ್ಟೊಟ್ಟಿಗೆ ಏರುವುದನ್ನು ರಾತ್ರಿಯಿಡೀ ಕೂತು ನೋಡಿದೆ. ಈ ಗ್ರೇಡ್‌ನಲ್ಲಿ ಫರ್ನೇಸ್‌ನಿಂದ ಬಂದ ಮೇಲೂ ಹೊಸ ಬಿರುಕು ಬರುವ ಸಾಧ್ಯತೆ ಇದೆ, ಹಾಗಾಗಿ ಅಲ್ಟ್ರಾಸಾನಿಕ್ ಇನ್ನೊಮ್ಮೆ ಆಗಲೇಬೇಕು. ಮಾಡಿದೆವು, ಏನೂ ಇರಲಿಲ್ಲ. ಹಾರ್ಡ್‌ನೆಸ್ (ಗಡಸುತನ) 225 ಬಿಎಚ್‌ಎನ್ (ಬ್ರಿನೆಲ್ ಅಳತೆ) ಮೀರಬಾರದು ಅಂತ ಡ್ರಾಯಿಂಗ್‌ನಲ್ಲಿತ್ತು. ರಿಪೇರಿ ಮಾಡಿದ ಜಾಗದಲ್ಲಿ ಮೂರು ಕಡೆ ನೋಡಿದೆ: 198, 203, 195.

ಆ ವಾರದಿಂದ ನಮ್ಮ ಶಾಪ್‌ನಲ್ಲಿ ಪ್ರಿಹೀಟ್ ಇರುವ ಪ್ರತಿ ಜಾಬ್‌ನ ಪಕ್ಕ ಎರಡು ತುಂಬಿದ ಸಿಲಿಂಡರ್ ನಿಲ್ಲಿಸುವುದು ರೂಢಿಯಾಯಿತು. ಸ್ಟೋರ್‌ನ ಇನ್ನೊಂದು ಕೀಲಿ ರಾತ್ರಿ ಪಾಳಿಯ ಮೇಸ್ತ್ರಿಯ ಜೇಬಿಗೆ ಹೋಯಿತು.